ಖಾಲಿಯಾದ ಒಂದು ಸೀಟು

ಮೊದಲ ಬೋನಸ್ ಬಂದಾಗ ಅಪ್ಪನಿಗೆ ಸ್ಕೂಟರ್ ಕೊಡಿಸಿದೆ. ಹರಿಹರಪುರದ ಹತ್ತಿರದ ನಮ್ಮ ಮನೆಯಿಂದ ಕೊಪ್ಪಕ್ಕೆ ಹೋಗೋಕೆ ಅಪ್ಪ ಮಳೇಲಿ ಬಸ್ಸು ಕಾಯೋದು ನೋಡಿ ಬೇಜಾರಾಗ್ತಿತ್ತು. ಅದ್ರಲ್ಲಿ ತಪ್ಪೇನಿದೆ ಅಂತ ಆಗ ಅನಿಸಲೇ ಇಲ್ಲ. ಈಗಲೂ ಪೂರ್ತಿ ತಪ್ಪು ಅನ್ನಲಾರೆ.

ಆ ಬಸ್ಸು ಸಹಕಾರ ಸಾರಿಗೆಯದ್ದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಹೇಳೋದೇನೂ ಬೇಡ. ಉಳಿದವರಿಗೆ ಇಷ್ಟು: ಖಾಸಗಿ ಬಸ್ ಕಂಪನಿಯಲ್ಲಿ ದುಡಿಯುತ್ತಿದ್ದ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿಕೊಂಡ ಸಂಘ ಅದು. ಟಿಕೆಟ್ ಹರಿಯುವವನೇ ಮಾಲೀಕ. ಶಾಲೆ ಮಕ್ಕಳು, ಆಸ್ಪತ್ರೆಗೆ ಹೊರಟವರು, ಪೇಪರ್ ಕಟ್ಟು, ಯಾರದೋ ಔಷಧಿ ಪೊಟ್ಟಣ, ಎಲ್ಲ ಅದರಲ್ಲೇ. 2020ರ ಫೆಬ್ರುವರಿಯಲ್ಲಿ, ಲಾಕ್‌ಡೌನ್‌ಗೂ ಮುಂಚೆಯೇ, ಬಸ್ಸುಗಳು ನಿಂತವು. ಡೀಸೆಲ್ ಬೆಲೆ, ತೆರಿಗೆ, ವಿಮೆ ಅಂತ ಕಾರಣಗಳಿದ್ದವು, ಎಲ್ಲ ನಿಜವೇ.

ಆಫೀಸಿನಲ್ಲಿ ನಾವು 'ಡಿಸ್ರಪ್ಷನ್' ಅಂತ ಸ್ಲೈಡ್ ಮಾಡುವಾಗ ಬೀಳುವವನು ಯಾವಾಗಲೂ ಕೊಡಾಕ್‌ನಂಥವನು. ದೊಡ್ಡವನು, ಡಿಜಿಟಲ್ ಕ್ಯಾಮೆರಾ ತಾನೇ ಮಾಡಿಟ್ಟುಕೊಂಡೂ ಎಚ್ಚರಾಗದವನು. ಬಿದ್ದರೆ ಅಯ್ಯೋ ಅನಿಸಲ್ಲ. ನಮ್ಮೂರಲ್ಲಿ ಬಿದ್ದವರು ಬಡ ಡ್ರೈವರ್, ಕಂಡಕ್ಟರುಗಳು. ಎದುರಿಗೆ ಪ್ರತಿಸ್ಪರ್ಧಿ ಕಂಪನಿಯೂ ಇರಲಿಲ್ಲ. ಕಂತಿನ ಸ್ಕೂಟರು, ಫೋನ್ ಮಾಡಿದ್ರೆ ಅಂಗಳಕ್ಕೇ ಬರುವ ಆಟೋ, ಅಷ್ಟೇ.

ನಾನು ಖಾಲಿ ಮಾಡಿಸಿದ್ದು ಒಂದೇ ಸೀಟು. ಆದರೆ ನಲವತ್ತರಲ್ಲಿ ಹದಿನೈದು ಹೀಗೇ ಖಾಲಿಯಾದರೆ, ಉಳಿದವರ ಟಿಕೆಟ್ಟಿನಲ್ಲಿ ಡೀಸೆಲ್ ಖರ್ಚೂ ಗಿಟ್ಟುವುದಿಲ್ಲ. ಮೊದಲು ಇಳಿದು ಹೋಗುವವರು ಸ್ಕೂಟರ್ ಕೊಳ್ಳಬಲ್ಲವರು. ಉಳಿಯುವವರು ಕೊಳ್ಳಲಾಗದವರು, ಓಡಿಸಲಾಗದವರು. ನನ್ನ ಅನುಕೂಲದ ಬಿಲ್ಲು ಅವರ ಕೈಗೆ ಹೋಗುತ್ತೆ. ಹಾಗಂತ ಅಪ್ಪ ಮಳೇಲಿ ನೆನೀತಾ ನಿಲ್ಲಬೇಕಿತ್ತಾ? ಅದನ್ನೂ ಹೇಳಲಾರೆ. ಗ್ರಾಹಕನಾಗಿ ಸರಿ ಮಾಡಿದೆ. ಊರಿನವನಾಗಿ ಮಾಡಿದ್ದು ಸರಿಯಾ, ಗೊತ್ತಿಲ್ಲ.

ಹೋದ ಸಲ ಊರಿಗೆ ಹೋದಾಗ ಪಕ್ಕದ ಮನೆ ಅಜ್ಜಿ ಹಳೇ ಸ್ಟಾಪಿನಲ್ಲಿ ಕೂತಿದ್ದರು.

"ಬಸ್ ಇದ್ಯಾ ಅಜ್ಜಿ?"

"ಎಲ್ಲಿ ಬಸ್ಸು ಮಾರಾಯ. ಯಾರಾದ್ರೂ ಗುರ್ತದವ್ರು ಬರ್ತಾರೇನೋ ಅಂತ ಕೂತೆ."

ಕಾರಿನಲ್ಲಿ ಕೊಪ್ಪಕ್ಕೆ ಬಿಟ್ಟೆ. ದಾರಿಯುದ್ದಕ್ಕೂ "ನಿಂಗೆ ತೊಂದ್ರೆ ಆಯ್ತು" ಅಂತಲೇ ಇದ್ದರು. ಬಸ್ಸಿನಲ್ಲಿ ಕಂಡಕ್ಟರಿಗೆ ಜೋರು ಮಾಡಿ ಕಿಟಕಿ ಸೀಟು ಬಿಡಿಸಿಕೊಳ್ಳುತ್ತಿದ್ದ ಅಜ್ಜಿ ಇವರು. ಇಳಿಯುವಾಗ ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಹಿಡಿದರು. ಬೇಡ ಅಂದೆ. ತಗೊಳ್ಳಬೇಕಿತ್ತೇನೋ.