ಯಂತ್ರದ ದಾಖಲೆ, ಮನುಷ್ಯನ ಮನಸ್ಸು

ಬೀದರಿನ ವಾಯುಪಡೆ ನೆಲೆಯಿಂದ ತರಬೇತಿ ವಿಮಾನವೊಂದು ಮೇಲೇರಿತೆಂದರೆ ಭಾಲ್ಕಿ, ಔರಾದಗಳಿಂದ ಬರುವ ನನ್ನ ವಿದ್ಯಾರ್ಥಿಗಳ ಕಣ್ಣು ಕಿಟಕಿಗೆ ಹೋಗುತ್ತದೆ. ಅವರಲ್ಲೊಬ್ಬ ಕೇಳಿದ: "ವಿಮಾನಾನೇ ಎಲ್ಲಾ ಬರ್ದಿಡ್ತದಂತ್ರೀ ಸರ್, ಮತ್ತ ವಿಚಾರಣಿ ಯಾಕ್ರೀ?"

ಪ್ರಶ್ನೆ ಹಗುರವಾದುದಲ್ಲ. ಇಂದಿನ ದೊಡ್ಡ ಜೆಟ್ ಇಂಜಿನ್ನಿಗೆ ಗಣಕವೇ ಕಾವಲುಗಾರ. ಶಾಖ, ಒತ್ತಡ, ತಿರುಗುವ ವೇಗಗಳನ್ನು ಕ್ಷಣಕ್ಷಣಕ್ಕೂ ಅಳೆದು ಅದು ಇಂಧನವನ್ನು ಹದವರಿತು ಬಿಡುತ್ತದೆ. ಅದರ ಒಂದು ಭಾಗ ಕೆಟ್ಟರೆ ಇನ್ನೊಂದು ಕೆಲಸವನ್ನು ವಹಿಸಿಕೊಳ್ಳುತ್ತದೆ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ವಿಮಾನದಲ್ಲಿಯೂ ಇಂಥ ವ್ಯವಸ್ಥೆಯಿತ್ತು. 260 ಜನ ಸತ್ತರು. ಜುಲೈ ತಿಂಗಳ ಪ್ರಾಥಮಿಕ ವರದಿಯಂತೆ, ಎರಡು ಇಂಧನ ಸ್ವಿಚ್ಚುಗಳೂ ಸುಮಾರು 1 ಸೆಕೆಂಡಿನ ಅಂತರದಲ್ಲಿ ನಿಲುಗಡೆಗೆ ಸರಿದವು. ಸುಮಾರು 10 ಸೆಕೆಂಡಿನ ಬಳಿಕ ಒಂದೊಂದಾಗಿ ಮರಳಿದವು. ಗಣಕವು ಇಂಜಿನ್ನುಗಳನ್ನು ಮತ್ತೆ ಹೊತ್ತಿಸತೊಡಗಿತು. ಆದರೆ ಹೊತ್ತು ಮೀರಿತ್ತು. ಏಕೆ ನಿಲ್ಲಿಸಿದೆಯೆಂದು ಒಬ್ಬ ಚಾಲಕ ಕೇಳಿದ, ನಾನಲ್ಲವೆಂದ ಇನ್ನೊಬ್ಬ. ಯಾವ ಮಾತು ಯಾರದೆಂದು ವರದಿ ಹೇಳಲಿಲ್ಲ.

ವರದಿ ಅಲ್ಲಿಗೆ ನಿಂತಿತು. ಹಲವರ ನಾಲಿಗೆ ನಿಲ್ಲಲಿಲ್ಲ. ಚಹದಂಗಡಿಗಳಲ್ಲಿ ಕೂಡ ತೀರ್ಪು ಹೊರಬಿತ್ತು. ಸ್ವಿಚ್ಚು ಸರಿದ ಗಳಿಗೆಯನ್ನು ಯಂತ್ರ ಬಲ್ಲದು. ಕೈಯ ಹಿಂದಿನ ಮನಸ್ಸನ್ನು ಅದು ಬರೆದಿಡಲಾರದು. ಸಂಗತಿ ಬೇರೆ, ಸಂಕಲ್ಪ ಬೇರೆ. ತಪ್ಪನ್ನು ತೂಗಲು ಎರಡೂ ಬೇಕು.

ಹಾಗೆಂದು ದಾಖಲೆ ವ್ಯರ್ಥವೆನ್ನಲಾಗದು. ಅದಿಲ್ಲದಿದ್ದರೆ ಊಹೆಗೆ ಕಡಿವಾಣವೇ ಇರುತ್ತಿರಲಿಲ್ಲ. ಆದರೆ ಅದು ಹೇಳಿದಷ್ಟನ್ನೇ ನಂಬಬೇಕು. ಸತ್ತವರು ಎದ್ದುಬಂದು ತಮ್ಮ ಪರ ವಾದಿಸಲಾರರು; ತಿಳಿಯದೆ ಉಳಿದುದನ್ನು ಅವರ ಮೇಲೆ ಹೊರಿಸದಿರುವುದು ಬದುಕಿರುವವರ ಧರ್ಮ.