ಅಳೆಯುವವರ ಅಳತೆ

ಈಚೆಗೊಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಮದ್ದೂರು ಕಡೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಕೇಳಿದರು: "ಫಾದರ್, ಗೆಳತಿಯ ಅಸೈನ್‌ಮೆಂಟ್ ನೋಡಿಕೊಂಡು ಬರೆದರೆ ಪಾಪವೇ?" (ಇದು ಪಾಪನಿವೇದನೆಯ ಮಾತಲ್ಲ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಹಗಲು ಶಾಲೆ, ರಾತ್ರಿ ಸ್ನಾತಕೋತ್ತರ ಓದು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದರಿಂದಲೇ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ನೌಕರಿ ಬಿಡದೆ ಓದುವ ಬಾಗಿಲು ನಮ್ಮ ಜಿಲ್ಲೆಯವರಿಗೆ ಹತ್ತಿರದಲ್ಲೇ ತೆರೆಯಿತು. ಆದರೆ ದಣಿವೂ ನಿಜ. ಮನೆಯವರೇ, ಅವರು ಓದಲು ಕೂತ ರಾತ್ರಿ ಪಾತ್ರೆ ತೊಳೆದವರು ಯಾರು?

ಇವರು ಓದುತ್ತಿದ್ದ ವಿಷಯವೇ ಮೌಲ್ಯಮಾಪನ! ಯಾವುದನ್ನು ಅಳೆಯುತ್ತೇವೆ ಎನ್ನುತ್ತೇವೋ ಅದನ್ನೇ ಅಳೆಯಬೇಕು ಎಂಬುದು ಅದರ ಮೊದಲ ಪಾಠ. ಕಬ್ಬು ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ವೇಬ್ರಿಡ್ಜಿನ ಮೇಲೆ ಗಾಡಿ ನಿಂತಾಗ ರೈತನ ಕಣ್ಣು ಅಂಕಿಯ ಮೇಲೇ ಇರುತ್ತದೆ. ನಕಲು ಮಾಡಿದ ಹಾಳೆಗೆ ಬಂದ ಅಂಕ ಗೆಳತಿಯ ಓದನ್ನು ತೂಗಿರುತ್ತದೆ, ಇವರದನ್ನಲ್ಲ.

ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ, ವಿಜ್ಞಾನದಂಥ ವಿಷಯಗಳ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನದ್ದು. ಅವು ಶಿಕ್ಷಕರ ಕೈಯಲ್ಲಿವೆ. ನಕಲು ಮಾಡಿದ ಪ್ರಾಜೆಕ್ಟ್ ಹಿಡಿದು ಮಗುವೊಂದು ಎದುರು ನಿಂತರೆ ಆ ಕೈ ಏನು ಬರೆದೀತು? ಪ್ರತಿಯೊಬ್ಬರಿಗೂ ಸಲ್ಲಬೇಕಾದುದನ್ನು ಸಲ್ಲಿಸುವ ಸ್ಥಿರ ಸಂಕಲ್ಪವೇ ನ್ಯಾಯ ಎಂಬುದು ಸಂತ ತೋಮಸ್ ಅಕ್ವಿನಾಸರ ವಿಚಾರ. ಸ್ಥಿರವಾದದ್ದು ತರಗತಿಯಲ್ಲಿ ಮಾತ್ರ ಇದ್ದು, ರಾತ್ರಿ ಹನ್ನೊಂದಕ್ಕೆ ಇಲ್ಲವಾಗದು.

"ಅರ್ಧವೇ ಆಗಲಿ, ನಿಮ್ಮದನ್ನೇ ಬರೆಯಿರಮ್ಮ" ಎಂದೆ.

"ಹಾಗಾದರೆ ನನ್ನ ಮಕ್ಕಳಿಗೂ ಅದನ್ನೇ ಹೇಳಬೇಕಾಗುತ್ತಲ್ಲ, ಫಾದರ್" ಎಂದು ನಕ್ಕು ಬಸ್ಸಿಗೆ ಓಡಿದರು. ಅಸೈನ್‌ಮೆಂಟ್ ಏನಾಯಿತೆಂದು ನಾನಿನ್ನೂ ಕೇಳಿಲ್ಲ.