ಕೂಡಿಟ್ಟ ಕೇಡು ಮತ್ತು ಕಾವಲಿನ ಹೊಣೆ

ಆಂಟಿವೈರಸ್ ತಂತ್ರಾಂಶವು ಅಪಾಯಕಾರಿಯೆಂದು ಕಂಡ ಕಡತವನ್ನು ಸಾಮಾನ್ಯವಾಗಿ ಕೂಡಲೇ ಅಳಿಸದೆ, ಅದು ಚಾಲನೆಗೊಳ್ಳದಂತೆ ರೂಪ ಬದಲಿಸಿ ಪ್ರತ್ಯೇಕ ಫೋಲ್ಡರಿನಲ್ಲಿ ಕೂಡಿಹಾಕುತ್ತದೆ. ಕ್ವಾರಂಟೈನ್ ಎನ್ನುವ ಈ ಸ್ಥಿತಿಯಲ್ಲಿ ವೈರಸ್ಸು ಹರಡಲಾರದಾದರೂ ನಾಶವಾಗಿರುವುದಿಲ್ಲ. ಅದನ್ನು ಅಳಿಸಬೇಕೋ, ಮರಳಿಸಬೇಕೋ, ಪರೀಕ್ಷೆಗೆ ಕಳುಹಿಸಬೇಕೋ, ಹಾಗೆಯೇ ಬಿಡಬೇಕೋ ಎಂಬ ನಿರ್ಧಾರ ಯಂತ್ರದ ಒಡೆಯನಿಗೆ ಉಳಿಯುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಆನ್‌ಲೈನ್ ಸೆಂಟರುಗಳಂಥ ಕಡೆ, ಪಹಣಿಗೂ ಜಾತಿ-ಆದಾಯ ಪ್ರಮಾಣಪತ್ರಕ್ಕೂ ಬಂದವರ ಪೆನ್‌ಡ್ರೈವ್‌ಗಳು ಒಂದೇ ಯಂತ್ರವನ್ನು ಹಾದುಹೋಗುವಾಗ, ಈ ನಿರ್ಧಾರವನ್ನು ಮುಂದೂಡುವುದು ಸುಲಭ. ಆದರೆ ತನ್ನ ವಶಕ್ಕೆ ಬಂದ ಕೇಡಿನ ಬಗ್ಗೆ ಮನುಷ್ಯನ ಹೊಣೆ ಎಷ್ಟೆಂಬುದು ತಾಂತ್ರಿಕ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಹೌದು.

ಈ ಪ್ರಶ್ನೆಯನ್ನು ಸೂಕ್ಷ್ಮವಾಗಿ ವಿಂಗಡಿಸಿದ ಪರಂಪರೆಯೊಂದು ಇದೇ ಸೀಮೆಯ ನೆರೆಯಲ್ಲಿ ಬೆಳೆದಿತ್ತು. ಈಗಿನ ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, 9 ಮತ್ತು 10ನೆಯ ಶತಮಾನಗಳಲ್ಲಿ ಜೈನ ವಿದ್ವತ್ತಿನ ದೊಡ್ಡ ನೆಲೆಯಾಗಿತ್ತು. ಜೈನ ದರ್ಶನವು ಚೈತನ್ಯವುಳ್ಳ ಜೀವವನ್ನೂ ಚೈತನ್ಯವಿಲ್ಲದ ಅಜೀವವನ್ನೂ ಬೇರ್ಪಡಿಸುವುದರಿಂದ, ಕೇವಲ ಸೂಚನೆಗಳ ಸಾಲಾದ ವೈರಸ್ಸನ್ನು ಅಳಿಸಿದರೆ ಪ್ರಾಣಹಾನಿಯ ದೋಷ ತಟ್ಟದು. ಆದರೂ ಒಡೆಯನು ಹೊಣೆಯಿಂದ ಪಾರಾಗುವುದಿಲ್ಲ. ಗೃಹಸ್ಥರ ಆಚಾರವನ್ನು ಹೇಳುವ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು, ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಮಾಡುವ ನಡೆಗಳನ್ನು ಅನರ್ಥದಂಡವೆಂದು ಕರೆದು ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಎರಡು ಇಲ್ಲಿ ಮುಖ್ಯ: ಶಸ್ತ್ರ, ಬೆಂಕಿ ಮೊದಲಾದ ಕೊಲ್ಲುವ ಸಾಧನಗಳನ್ನು ಇತರರ ಕೈಗೆ ಕೊಡುವ ಹಿಂಸಾದಾನ, ಮತ್ತು ಎಚ್ಚರವಿಲ್ಲದೆ ನಡೆಯುವ ಪ್ರಮಾದಚರ್ಯೆ.

ಕೂಡಿಟ್ಟದ್ದನ್ನು ಕಾಲಕ್ರಮದಲ್ಲಿ ಮರೆಯುವುದು ಪ್ರಮಾದಕ್ಕೆ ಸೇರುತ್ತದೆ. ಅದರ ಫಲವೇನೆಂಬುದನ್ನು ಸಿಡುಬಿನ ರೋಗಾಣುವಿನ ಚರಿತ್ರೆ ತೋರಿಸುತ್ತದೆ. 1978ರಲ್ಲಿ, ಸಿಡುಬು ಜನರ ನಡುವಿನಿಂದ ಮರೆಯಾದ ಮೇಲೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ರೋಗಾಣುವನ್ನಿಟ್ಟಿದ್ದ ಪ್ರಯೋಗಾಲಯದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿಯೊಬ್ಬರು ಸೋಂಕು ತಗಲಿ ತೀರಿಕೊಂಡರು. ಮುಂದೆ ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾದ ಕೋಲ್ಟ್ಸೊವೊಗಳಲ್ಲಿ ಮಾತ್ರ ಅದನ್ನು ಇಡುವುದೆಂದು ಏರ್ಪಾಡಾಗಿದ್ದರೂ, 1950ರ ದಶಕದ್ದೆನ್ನಲಾದ ಸಿಡುಬಿನ ಸೀಸೆಗಳು 2014ರಲ್ಲಿ ಅಮೆರಿಕದ ಬೆಥೆಸ್ಡಾದ ಶೈತ್ಯಾಗಾರವೊಂದರಲ್ಲಿ ಸಿಕ್ಕವು. ಒಳಗೇನಿದೆಯೆಂದು ಬಲ್ಲವರು ಅಲ್ಲಿರಲಿಲ್ಲ.

ಹಾಗೆಂದು ಕಂಡ ಕೂಡಲೇ ಅಳಿಸುವುದೇ ಧರ್ಮವೆನ್ನುವಂತಿಲ್ಲ. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿ ಆಂಟಿವೈರಸ್ಸಿನ ಪರಿಷ್ಕರಣೆಯೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವನ್ನೇ ವೈರಸ್ಸೆಂದು ಭ್ರಮಿಸಿದ್ದರಿಂದ ಹಲವು ದೇಶಗಳ ಯಂತ್ರಗಳು ಮತ್ತೆ ಮತ್ತೆ ನಿಂತು ಹೊರಟು ನಿರುಪಯುಕ್ತವಾದವು. ಕ್ವಾರಂಟೈನಿನ ನೈತಿಕ ಬೆಲೆ ಇರುವುದು ಇಲ್ಲಿಯೇ: ಆರೋಪಕ್ಕೂ ತೀರ್ಪಿಗೂ ನಡುವೆ ಅದು ವಿಚಾರಣೆಯ ಅವಕಾಶ ಕೊಡುತ್ತದೆ. ಆ ಅವಕಾಶದಲ್ಲಿ ಹಕ್ಕಿರುವುದು ವೈರಸ್ಸಿಗಲ್ಲ, ತಪ್ಪಾಗಿ ಸಿಕ್ಕಿಬಿದ್ದಿರಬಹುದಾದ ಕಡತವನ್ನು ನಂಬಿದವನಿಗೆ. ಸಾಮಾನ್ಯ ಒಡೆಯನಿಗೆ ವಿಚಾರಣೆಯ ವಿದ್ಯೆ ಇಲ್ಲದಿದ್ದರೆ ಬಲ್ಲ ಪರೀಕ್ಷಕರಿಗೆ ಒಪ್ಪಿಸಬಹುದು. ಕೊಡುವ ಉದ್ದೇಶ ರಕ್ಷಣೆಯಾಗಿದ್ದು, ಪಡೆಯುವವನು ಅದನ್ನು ಅಂಕೆಯಲ್ಲಿಡಬಲ್ಲವನಾಗಿದ್ದರೆ ಅದು ಹಿಂಸಾದಾನವೆನಿಸದು. ಕುತೂಹಲಕ್ಕಾಗಿ ಕೈಯಿಂದ ಕೈಗೆ ದಾಟಿಸಿದರೆ ಹಿಂಸಾದಾನವೇ ಎನಿಸುತ್ತದೆ. 2016ರಲ್ಲಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ತೆರೆದ ವೈರಸ್ಸುಗಳ ಸಂಗ್ರಹಾಲಯವು ಹಾನಿ ಮಾಡುವ ಭಾಗವನ್ನು ಕಳಚಿ, ಹಳೆಯ ವೈರಸ್ಸುಗಳ ತೋರಿಕೆಯನ್ನಷ್ಟೇ ಉಳಿಸಿತು. ಹಿಂಸೆಯ ಸಾಧನವನ್ನು ಹಂಚದೆ ಅರಿವನ್ನು ಹಂಚುವುದು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ.

ಆದುದರಿಂದ ಕೂಡಿಟ್ಟ ಕೇಡನ್ನು ಉಳಿಸಿಕೊಳ್ಳಲು ಎರಡು ನಿಬಂಧನೆಗಳು ಕೂಡಿಬರಬೇಕು: ಅದರಿಂದ ತಿಳಿಯಬೇಕಾದದ್ದು ಇನ್ನೂ ಇರಬೇಕು, ಮತ್ತು ಅದು ತನ್ನ ವಶದಲ್ಲಿದೆಯೆಂದು ನಿತ್ಯವೂ ಅರಿತಿರುವ ಕಾವಲುಗಾರನಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಅಳಿಸುವುದೇ ಯುಕ್ತ. ವಿಚಾರಿಸಿ ಅಳಿಸಿದವನೂ ವಿಚಾರಿಸಿ ಉಳಿಸಿದವನೂ ತಮ್ಮ ನಡೆಗೆ ಕಾರಣ ಹೇಳಬಲ್ಲರು, ಹಾಗೆಯೇ ಬಿಟ್ಟವನು ಹೇಳಲಾರನು.